ಹಗುರಾದ ಪಂದ್ಯದ ಮೋಟಾರು ಸೈಕಲ್ಲು: ಹಳೆಯ ಆರ್‌ಎಕ್ಸ್ ೧೦೦ರ ಮೇಲೆ ಒಂದು ಪಾಠ

ಬೆಳಗಾವಿ, ವಿಜಯಪುರದ ಸೀಮೆಯಲ್ಲಿ ಎತ್ತಿನ ಗಾಡಿಯ ಶರ್ಯತ್ತನ್ನು ನೋಡಿದವರಿಗೆ ಈ ಪಾಠದ ಅರ್ಧ ಭಾಗ ಮೊದಲೇ ತಿಳಿದಿದೆ. ಕಬ್ಬು ಹೇರುವ ಗಾಡಿಯನ್ನು ಯಾರೂ ಶರ್ಯತ್ತಿಗೆ ಹೂಡುವುದಿಲ್ಲ. ಓಟದ ಗಾಡಿಯೇ ಬೇರೆ. ಹೇರಿಗೆ ಬೇಕಾದ ಹಲಗೆ, ಗೂಟಗಳು ಅದರಲ್ಲಿರುವುದಿಲ್ಲ. ಎತ್ತಿನ ಬಲವನ್ನು ಒಂದು ದಿನದಲ್ಲಿ ಹೆಚ್ಚಿಸಲು ಬರುವುದಿಲ್ಲ. ಎಳೆಯುವ ಭಾರವನ್ನು ಇಳಿಸಲು ಬರುತ್ತದೆ. ಆದರೆ ಗಾಲಿಯನ್ನು ಹಿಡಿದಿರುವ ಕಡೆಗೀಲನ್ನು ಹಗುರ ಮಾಡಲು ಯಾವ ರೈತನೂ ಹೋಗುವುದಿಲ್ಲ.

ಹಳೆಯ ಮೋಟಾರು ಸೈಕಲ್ಲನ್ನು ಪಂದ್ಯಕ್ಕೆ ಸಿದ್ಧಗೊಳಿಸುವ ವಿದ್ಯೆ ಈ ಎರಡು ಮಾತುಗಳ ವಿಸ್ತಾರವೇ ಆಗಿದೆ. ಬೇಡವಾದದ್ದನ್ನು ತೆಗೆಯುವುದು ಮೊದಲನೆಯದು. ಯಾವುದನ್ನು ತೆಗೆಯಬಾರದೆಂದು ಅರಿಯುವುದು ಎರಡನೆಯದು. ಖರಾಡಿಯಲ್ಲಿ ನೆಲಸಿರುವ ನಮ್ಮ ತರುಣರಲ್ಲಿ ಗ್ಯಾರೇಜು, ಕಾರ್ಖಾನೆಗಳಲ್ಲಿ ದುಡಿಯುವವರೂ ಕಚೇರಿಗಳಲ್ಲಿ ಕಾರಕೂನಿಕೆ ಮಾಡುವವರೂ ಇದ್ದಾರೆ. ಇವರಲ್ಲಿ ಅನೇಕರಿಗೆ ಈ ವಿಷಯದಲ್ಲಿ ಆಸಕ್ತಿಯುಂಟು. ಅರ್ಧ ತಿಳಿದು ಕೈಹಾಕಿದರೆ ಕಳೆದುಕೊಳ್ಳುವುದು ತಿಂಗಳ ಪಗಾರವಷ್ಟೇ ಅಲ್ಲ, ಪ್ರಾಣವೂ ಹೋಗಬಹುದು. ಆದ್ದರಿಂದ ವಿಷಯವನ್ನು ಕ್ರಮವಾಗಿ ನೋಡೋಣ.

೧. ಯಾವ ಯಂತ್ರ?

ಕನ್ನಡಿಗರಿಗೆ ಮೋಟಾರು ಸೈಕಲ್ಲೆಂದರೆ ಮೊದಲು ನೆನಪಾಗುವುದು ಮೈಸೂರು. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯದ ಜಾವಾ ಯಂತ್ರವನ್ನು ೧೯೬೧ರಿಂದ ತಯಾರಿಸಿತು. ೧೯೭೩ರಿಂದ ಆ ಯಂತ್ರಕ್ಕೆ ಯೆಜ್ದಿ ಎಂಬ ಹೆಸರು ಬಂತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಯೆಜ್ದಿಯು ಗಟ್ಟಿಮುಟ್ಟಾದ ೨೫೦ ಸಿ.ಸಿ. ಯಂತ್ರ, ಆದರೆ ಮೈಭಾರ ಹೆಚ್ಚು. ೧೯೮೩ರಲ್ಲಿ ಎಸ್ಕಾರ್ಟ್ಸ್ ಕಂಪನಿಯು ಯಮಾಹಾದ ಎರಡು ಸಿಲಿಂಡರಿನ ರಾಜದೂತ ೩೫೦ನ್ನು ಹೊರತಂದಿತು. ಅದರ ಬಲ ದೊಡ್ಡದು, ಪೆಟ್ರೋಲಿನ ಹಸಿವೂ ದೊಡ್ಡದು.

೧೯೮೫ರಲ್ಲಿ ಅದೇ ಕಂಪನಿಯಿಂದ ಬಂದ ಆರ್‌ಎಕ್ಸ್ ೧೦೦ ಇವೆರಡಕ್ಕಿಂತ ಚಿಕ್ಕದು. ಸಿಲಿಂಡರಿನ ಒಳವ್ಯಾಸ ೫೦ ಮಿಲಿಮೀಟರು, ಪಿಸ್ಟನ್ನಿನ ಓಟ ೫೦ ಮಿಲಿಮೀಟರು; ಗಾತ್ರ ೯೮ ಸಿ.ಸಿ.; ಬಲ ೧೧ ಅಶ್ವಶಕ್ತಿ; ತೂಕ ಸುಮಾರು ೧೦೦ ಕಿಲೋ. ೧೯೯೬ರಲ್ಲಿ ಇದರ ತಯಾರಿಕೆ ನಿಂತಿತು. ನಿಂತು ಇಷ್ಟು ವರ್ಷವಾದರೂ ಪುಣೆಯ ನಾನಾ ಪೇಠೆಯಲ್ಲಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ವಿಚಾರಿಸಿದರೆ ಇದರ ಬಿಡಿಭಾಗದ ಸುದ್ದಿ ಸಿಕ್ಕೀತು. ಇದು ಟೂ-ಸ್ಟ್ರೋಕ್ ಯಂತ್ರ. ಕವಾಟಗಳ ಗೊಂದಲವಿಲ್ಲ, ಬಿಚ್ಚುವುದು ಸುಲಭ, ಕಲಿಯುವುದೂ ಸುಲಭ. ಈ ಕಾರಣದಿಂದ ನಮ್ಮ ಪಾಠಕ್ಕೆ ಇದನ್ನೇ ಆರಿಸಿಕೊಳ್ಳಲಾಗಿದೆ.

ಕೊಳ್ಳುವವರು ಚಾಸಿಯ ಮೇಲಿನ ಅಂಕಿಯನ್ನೂ ಇಂಜಿನಿನ ಮೇಲಿನ ಅಂಕಿಯನ್ನೂ ನೋಂದಣಿ ಪುಸ್ತಕದೊಡನೆ ತಾಳೆ ನೋಡತಕ್ಕದ್ದು. ಎಲ್ಲ ಮೂಲ ಭಾಗಗಳೂ ಉಳಿದಿರುವ ಸುಂದರವಾದ ಬಂಡಿ ಸಿಕ್ಕಿದರೆ ಅದನ್ನು ಪಂದ್ಯಕ್ಕಾಗಿ ಕೆಡಿಸಬಾರದು. ಅಂಥವು ದಿನದಿನಕ್ಕೆ ಅಪರೂಪವಾಗುತ್ತಿವೆ. ಮಡ್‌ಗಾರ್ಡು, ದೀಪ, ಸೀಟು ಕಳೆದುಕೊಂಡು ಮೂಲೆ ಸೇರಿರುವ ಯಂತ್ರವೇ ಈ ಕೆಲಸಕ್ಕೆ ಸಾಕು. ಹೇಗೂ ನಾವು ತೆಗೆಯುವುದು ಅವನ್ನೇ.

೨. ತೂಕದ ಲೆಕ್ಕ

ಯಂತ್ರ ೧೦೦ ಕಿಲೋ, ಸವಾರ ೬೫ ಕಿಲೋ ಎಂದು ಇಟ್ಟುಕೊಳ್ಳೋಣ. ಒಟ್ಟು ೧೬೫ ಕಿಲೋ. ಇದನ್ನು ೧೧ ಅಶ್ವಶಕ್ತಿಗೆ ಹಂಚಿದರೆ ಒಂದೊಂದು ಅಶ್ವಶಕ್ತಿಯ ಪಾಲಿಗೆ ೧೫ ಕಿಲೋ ಬೀಳುತ್ತದೆ. ಈಗ ಯಂತ್ರದಿಂದ ೧೫ ಕಿಲೋ ಇಳಿಸಿದೆವೆನ್ನಿ. ಒಟ್ಟು ೧೫೦ ಆಯಿತು. ಒಂದು ಅಶ್ವಶಕ್ತಿಯ ಪಾಲು ೧೩.೬ ಕಿಲೋ. ತೂಕವನ್ನು ಇಳಿಸದೆ ಇಷ್ಟೇ ಲಾಭ ಪಡೆಯಬೇಕಾದರೆ ಇಂಜಿನಿನ ಬಲವನ್ನು ೧೧ರಿಂದ ೧೨.೧ಕ್ಕೆ ಏರಿಸಬೇಕಾಗುತ್ತಿತ್ತು. ಅದಕ್ಕೆ ಲೇತು, ಹೊಸ ಪಿಸ್ಟನ್ನು, ನುರಿತ ಮೇಸ್ತ್ರಿ ಎಲ್ಲವೂ ಬೇಕು. ತೂಕ ಇಳಿಸಲು ಪಾನಾ ಮತ್ತು ತಾಳ್ಮೆ ಸಾಕು.

ಸವಾರನ ತೂಕವೂ ಇದೇ ಲೆಕ್ಕದಲ್ಲಿದೆ ಎಂಬುದನ್ನು ಮರೆಯಬಾರದು. ಮೈಯಲ್ಲಿ ೫ ಕಿಲೋ ಕರಗಿಸಿದರೆ ಅದು ಯಂತ್ರದಲ್ಲಿ ೫ ಕಿಲೋ ಇಳಿಸಿದಂತೆಯೇ. ಅದಕ್ಕೆ ಕಾಸೂ ಖರ್ಚಿಲ್ಲ.

ಆದರೆ ತೂಕ ಇಳಿಸಿದ ಲಾಭವು ವೇಗವನ್ನು ಏರಿಸುವಾಗ, ತಿರುವಿನಲ್ಲಿ, ಬ್ರೇಕು ಹಿಡಿಯುವಾಗ ಸಿಗುತ್ತದೆಯೇ ಹೊರತು ನೇರ ಹಾದಿಯ ಪರಮಾವಧಿ ವೇಗದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಅಲ್ಲಿ ಅಡ್ಡ ನಿಲ್ಲುವುದು ಗಾಳಿ. ಗಾಳಿಯನ್ನು ಸೀಳಲು ಬೇಕಾಗುವ ಬಲವು ವೇಗದ ಘನದಂತೆ ಬೆಳೆಯುತ್ತದೆ. ವೇಗವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಲು ಗಾಳಿಗಾಗಿ ತೆರಬೇಕಾದ ಬಲ ೧.೩೩ ಪಟ್ಟಾಗುತ್ತದೆ. ಪಂದ್ಯದ ಬಂಡಿಯಲ್ಲಿ ಹ್ಯಾಂಡಲನ್ನು ಕೆಳಗಿಳಿಸಿ, ಕಾಲಿಡುವ ಜಾಗವನ್ನು ಹಿಂದಕ್ಕೆ ಸರಿಸುವುದು ಶೋಕಿಗಲ್ಲ. ಸವಾರನು ಟ್ಯಾಂಕಿನ ಮೇಲೆ ಮೈಚಾಚಿ ಗಾಳಿಗೆ ಕಿರಿದಾಗಿ ಕಾಣಲೆಂದು ಹಾಗೆ ಮಾಡುತ್ತಾರೆ.

೩. ಮೂರು ಮನೆಯ ಪಟ್ಟಿ

ಬಿಚ್ಚುವುದಕ್ಕೆ ಮುಂಚೆ ಒಂದು ನೋಟುಬುಕ್ಕಿನಲ್ಲಿ ಮೂರು ಮನೆ ಹಾಕಿಕೊಳ್ಳಿ: ಭಾಗದ ಹೆಸರು, ಅದರ ತೂಕ, ಪಂದ್ಯದ ಪಥದ ಮೇಲೆ ಅದು ಮಾಡುವ ಕೆಲಸ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆಯಿರಿ. ಮೂರನೆಯ ಮನೆಯಲ್ಲಿ ಬರೆಯುವ ಉತ್ತರವೇ ಆ ಭಾಗದ ಗತಿಯನ್ನು ತೀರ್ಮಾನಿಸುತ್ತದೆ.

ಏನೂ ಕೆಲಸವಿಲ್ಲ ಎಂಬ ಉತ್ತರ ಬಂದವು ಮೊದಲನೆಯ ವರ್ಗ: ಎರಡೂ ಸ್ಟ್ಯಾಂಡುಗಳು, ಇಂಡಿಕೇಟರುಗಳು, ಕನ್ನಡಿ, ಹಾರನ್ನು, ಮುಂದೀಪ, ಹಿಂದೀಪ, ಬ್ಯಾಟರಿ, ಹಿಂಬದಿ ಸವಾರನ ಕಾಲುಕಡ್ಡಿ, ಸೀರೆಗಾರ್ಡು, ಕ್ರ್ಯಾಶ್‌ಗಾರ್ಡು, ನಂಬರ್ ಪ್ಲೇಟು. ಇವನ್ನು ಬಿಚ್ಚಿ ತೆಗೆಯಬೇಕು, ಗರಗಸದಿಂದ ಕತ್ತರಿಸಬಾರದು. ತೆಗೆದದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಕಟ್ಟಿಡಿ. ನಾಳೆ ಮನಸ್ಸು ಬದಲಾದರೆ ಯಂತ್ರ ಮತ್ತೆ ಮೊದಲಿನಂತಾಗಬೇಕು.

ಕೆಲಸವಿದೆ, ಆದರೆ ಹಗುರಾದ ವಸ್ತುವಿನಿಂದ ಆಗುತ್ತದೆ ಎಂಬವು ಎರಡನೆಯ ವರ್ಗ: ಇಬ್ಬರ ಸೀಟಿನ ಬದಲು ಒಬ್ಬನ ತೆಳು ಸೀಟು, ಉಕ್ಕಿನ ರಿಮ್ಮಿನ ಬದಲು ಅಲ್ಯುಮಿನಿಯಂ ರಿಮ್ಮು, ಭಾರದ ಸೈಲೆನ್ಸರಿನ ಬದಲು ತೆಳು ತಗಡಿನದು. ಇವುಗಳಲ್ಲಿ ರಿಮ್ಮಿಗೆ ವಿಶೇಷ ಮಹತ್ವವಿದೆ. ಟ್ಯಾಂಕಿನ ತೂಕ ಮುಂದಕ್ಕೆ ಮಾತ್ರ ಚಲಿಸುತ್ತದೆ. ರಿಮ್ಮಿನ ತೂಕ ಮುಂದಕ್ಕೂ ಚಲಿಸಬೇಕು, ಸುತ್ತಲೂ ಬೇಕು. ವೇಗ ಏರಿಸುವಾಗ ಗಾಲಿಯ ಅಂಚಿನಲ್ಲಿರುವ ಒಂದು ಕಿಲೋ ಬೇರೆಡೆಯ ಎರಡು ಕಿಲೋಗಳಷ್ಟು ಬಲವನ್ನು ತಿನ್ನುತ್ತದೆ. ಹಣ ಸ್ವಲ್ಪವೇ ಇದ್ದರೆ ಅದನ್ನು ಮೊದಲು ಗಾಲಿಗೆ ಹಾಕುವುದು ಲೇಸು.

ಪ್ರಾಣ ಹಿಡಿದಿರುವವು ಮೂರನೆಯ ವರ್ಗ: ಗಾಲಿಯ ಅಚ್ಚು, ಫೋರ್ಕು, ಚಾಸಿಯ ಮೂಲೆಗಳ ಬಲಪಟ್ಟಿ, ಬ್ರೇಕಿನ ಡ್ರಮ್ಮು ಮತ್ತು ಅದರ ತಡೆಸರಳು, ಹ್ಯಾಂಡಲಿನ ಹಿಡಿಕೆ. ಇವುಗಳಲ್ಲಿ ತೂತು ಕೊರೆದು ನೂರಿನ್ನೂರು ಗ್ರಾಂ ಉಳಿಸುವ ಚಟ ಕೆಲವರಿಗುಂಟು. ಲೋಹವು ಒಡೆಯುವುದು ಸಾಮಾನ್ಯವಾಗಿ ಇಂಥ ತೂತಿನ ಅಂಚಿನಿಂದಲೇ. ಮುಂದಿನ ಮಡ್‌ಗಾರ್ಡಿನ ವಿಷಯದಲ್ಲೂ ಎಚ್ಚರ ಬೇಕು. ಅದು ಕೆಸರನ್ನು ತಡೆಯುವ ತಗಡಷ್ಟೇ ಅಲ್ಲ. ಅದರ ಕಮಾನುಪಟ್ಟಿಯು ಫೋರ್ಕಿನ ಎರಡು ಕಾಲುಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ. ತಗಡನ್ನು ತೆಗೆದರೂ ಕಾಲುಗಳನ್ನು ಬಂಧಿಸುವ ಪಟ್ಟಿಯೊಂದು ಅಲ್ಲಿ ಇರಲೇಬೇಕು.

೪. ಇಂಜಿನಿನ ಉಸಿರಾಟ

ಟೂ-ಸ್ಟ್ರೋಕ್ ಇಂಜಿನಿನಲ್ಲಿ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆಗ ಹೊಸ ಮಿಶ್ರಣದ ಒಂದು ಪಾಲು ಹೊಗೆಯ ಜೊತೆಗೆ ಹೊರಗೆ ಸೋರಿಹೋಗುತ್ತದೆ. ಈ ಸೋರಿಕೆಯನ್ನು ಕೊಳವೆಯ ಆಕಾರದಿಂದಲೇ ತಡೆಯುವ ಉಪಾಯವನ್ನು ಶಾಸ್ತ್ರೀಯವಾಗಿ ಬೆಳೆಸಿದವರಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಮುಖ್ಯನು. ಹಣಕಾಸಿನ ಅನುಕೂಲವಿಲ್ಲದ ಆ ಕಾರ್ಖಾನೆಯಲ್ಲಿ ಅವನು ೧೯೬೧ರ ಹೊತ್ತಿಗೆ ೧೨೫ ಸಿ.ಸಿ. ಇಂಜಿನಿನಿಂದ ೨೫ ಅಶ್ವಶಕ್ತಿಯನ್ನು ತೆಗೆದನು. ಅದೇ ವರ್ಷ ಅವನ ಸವಾರ ಎರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಜಪಾನಿನ ಸುಜುಕಿ ಕಂಪನಿಯನ್ನು ಸೇರಿದನು. ವಿದ್ಯೆಯೂ ಅವನೊಡನೆ ಹೋಯಿತು. ೧೯೬೨ರಲ್ಲಿ ಡೆಗ್ನರನು ಸುಜುಕಿಯ ಮೇಲೆ ೫೦ ಸಿ.ಸಿ. ವರ್ಗದ ವಿಶ್ವ ಚಾಂಪಿಯನ್ ಆದನು. ಇಂದು ನಮ್ಮ ಗ್ಯಾರೇಜುಗಳಲ್ಲಿ ಎಕ್ಸ್‌ಪಾನ್ಶನ್ ಚೇಂಬರ್ ಎಂದು ಕರೆಯುವ, ನಡುವೆ ಹೊಟ್ಟೆ ಉಬ್ಬಿದ ಸೈಲೆನ್ಸರು ಆ ವಿದ್ಯೆಯ ಫಲ.

ಅದರ ಕೆಲಸ ಹೀಗೆ. ಕಿಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ಕಡೆ ಅದರ ಒಂದು ಭಾಗ ಸೆಳೆತದ ಅಲೆಯಾಗಿ ಹಿಂದಿರುಗಿ ಸಿಲಿಂಡರಿನ ಹೊಗೆಯನ್ನು ಎಳೆದುಹಾಕುತ್ತದೆ. ಮುಂದೆ ಕೊಳವೆ ಕಿರಿದಾಗುವ ಕಡೆ ಉಳಿದ ಭಾಗ ಒತ್ತಡದ ಅಲೆಯಾಗಿಯೇ ಹಿಂದಿರುಗಿ, ಸೋರಿಹೋಗಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲು ಸಿಲಿಂಡರಿನೊಳಕ್ಕೆ ತಳ್ಳುತ್ತದೆ.

ಅಲೆ ಸರಿಯಾದ ಹೊತ್ತಿಗೆ ಹಿಂದಿರುಗಬೇಕಾದರೆ ಕೊಳವೆಯ ಉದ್ದ ಸರಿಯಾಗಿರಬೇಕು. ಲೆಕ್ಕ ಮಾಡಿ ನೋಡಿ. ನಿಮಿಷಕ್ಕೆ ೭೫೦೦ ಸುತ್ತು ಎಂದರೆ ಸೆಕೆಂಡಿಗೆ ೧೨೫ ಸುತ್ತು. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ೮ ಪಾಲು. ಕಿಂಡಿ ಸುಮಾರು ಅರ್ಧ ಸುತ್ತು ತೆರೆದಿರುತ್ತದೆ, ಅಂದರೆ ಸಾವಿರದಲ್ಲಿ ೪ ಪಾಲು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು ೫೦೦ ಮೀಟರು. ಆ ಅವಧಿಯಲ್ಲಿ ಅದು ೨ ಮೀಟರು ಓಡುತ್ತದೆ. ಹೋಗಿಬರುವ ದಾರಿಯಾದ್ದರಿಂದ ಅಲೆಯನ್ನು ಹಿಂದಿರುಗಿಸುವ ಕಿರಿದು ಭಾಗವು ಸಿಲಿಂಡರಿನಿಂದ ೧ ಮೀಟರು ದೂರದಲ್ಲಿರಬೇಕು. ಸುತ್ತನ್ನು ೯೦೦೦ಕ್ಕೆ ಏರಿಸಿದರೆ ಇದೇ ಲೆಕ್ಕದಿಂದ ೮೩ ಸೆಂಟಿಮೀಟರು ಬರುತ್ತದೆ. ನುರಿತವರು ಇದನ್ನು ಇನ್ನೂ ಸೂಕ್ಷ್ಮವಾಗಿ ಮಾಡುತ್ತಾರೆ, ಮೂಲತತ್ವ ಇಷ್ಟೇ.

ಇದರಿಂದ ಒಂದು ಮಾತು ಸಿದ್ಧವಾಗುತ್ತದೆ. ಇಂಥ ಕೊಳವೆ ಒಂದು ಗೊತ್ತಾದ ವೇಗದ ಸುತ್ತಮುತ್ತ ಮಾತ್ರ ಚೆನ್ನಾಗಿ ದುಡಿಯುತ್ತದೆ. ಅದಕ್ಕಿಂತ ಕೆಳಗೆ ಅಲೆ ಅಕಾಲದಲ್ಲಿ ಬಂದು ಎಳೆತ ಕಡಮೆಯಾಗುತ್ತದೆ. ನಗರ ರಸ್ತೆಯ ಸಂದಣಿಯಲ್ಲಿ ಎರಡನೆಯ ಗೇರಿನಲ್ಲಿ ತೆವಳುವವನಿಗೆ ಈ ಸೈಲೆನ್ಸರಿನಿಂದ ಸಿಗುವುದು ಸದ್ದು ಮತ್ತು ದಂಡದ ಚೀಟಿ ಮಾತ್ರ.

೫. ಮಿಶ್ರಣವೂ ಎಣ್ಣೆಯೂ

ಕೊಳವೆ ಬದಲಾಯಿಸಿ ಗಾಳಿಪೆಟ್ಟಿಗೆಯನ್ನೂ ತೆಗೆದ ಇಂಜಿನಿಗೆ ಹೆಚ್ಚು ಗಾಳಿ ಹೋಗುತ್ತದೆ. ಕಾರ್ಬುರೇಟರಿನ ಮುಖ್ಯ ಜೆಟ್ಟು ಹಳೆಯದೇ ಇದ್ದರೆ ಪೆಟ್ರೋಲಿನ ಪಾಲು ಕಡಮೆಯಾಗಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣದ ಬೆಂಕಿ ಬಹಳ ಬಿಸಿ. ಪಿಸ್ಟನ್ನಿನ ತಲೆಯೇ ಕರಗಿ ತೂತಾಗಬಹುದು. ಆದ್ದರಿಂದ ದೊಡ್ಡ ಜೆಟ್ಟಿನಿಂದ ಆರಂಭಿಸಿ ಮೆಟ್ಟಿಲುಮೆಟ್ಟಿಲಾಗಿ ಚಿಕ್ಕದಕ್ಕೆ ಇಳಿಯಬೇಕು. ಚಿಕ್ಕದರಿಂದ ಮೇಲಕ್ಕೆ ಹೋಗಬಾರದು. ಪೂರ್ತಿ ವೇಗದಲ್ಲಿ ಓಡಿಸಿ, ಕ್ಲಚ್ಚು ಹಿಡಿದು ಇಂಜಿನನ್ನು ಆರಿಸಿ, ಪ್ಲಗ್ಗನ್ನು ಬಿಚ್ಚಿ ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಸರಿ. ಬೆಳ್ಳಗಿದ್ದರೆ ಅಪಾಯ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು.

ಆರ್‌ಎಕ್ಸ್ ೧೦೦ರಲ್ಲಿ ಎಣ್ಣೆಗೆ ಪ್ರತ್ಯೇಕ ಡಬ್ಬಿಯೂ ಪಂಪೂ ಇವೆ. ಪಂದ್ಯದವರು ಇವನ್ನು ತೆಗೆದು ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುವುದುಂಟು. ೩೦ಕ್ಕೆ ೧ರ ಪ್ರಮಾಣವಾದರೆ ೩ ಲೀಟರು ಪೆಟ್ರೋಲಿಗೆ ೧೦೦ ಮಿಲಿಲೀಟರು ಎಣ್ಣೆ. ನಿಜವಾದ ಪ್ರಮಾಣವನ್ನು ಎಣ್ಣೆಯ ಡಬ್ಬಿಯ ಮೇಲೆ ಓದಿಕೊಳ್ಳಬೇಕು. ಪಂಪು ತೆಗೆದ ಯಂತ್ರಕ್ಕೆ ಯಾರಾದರೂ ಬರಿ ಪೆಟ್ರೋಲು ತುಂಬಿದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಗಾಲಿ ಓಟದಲ್ಲೇ ಸ್ತಬ್ಧವಾಗುತ್ತದೆ. ಟ್ಯಾಂಕಿನ ಮುಚ್ಚಳದ ಬಳಿ ‘ಎಣ್ಣೆ ಬೆರೆಸಿದ ಪೆಟ್ರೋಲು ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬರೆದಿಡತಕ್ಕದ್ದು. ಟೂ-ಸ್ಟ್ರೋಕ್ ಪಂದ್ಯದ ಸವಾರರು ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟಿರುವುದೂ ಈ ಭಯದಿಂದಲೇ. ಕಚ್ಚಿದ ಕ್ಷಣ ಕ್ಲಚ್ಚು ಒತ್ತಿದರೆ ಗಾಲಿ ಬಿಡುಗಡೆಯಾಗುತ್ತದೆ.

ಗೇರಿನ ವಿಷಯ ಚಿಕ್ಕದು. ಮುಂದಿನ ಸ್ಪ್ರಾಕೆಟ್ಟಿಗೆ ೧೪ ಹಲ್ಲು, ಹಿಂದಿನದಕ್ಕೆ ೪೨ ಹಲ್ಲು ಎಂದುಕೊಂಡರೆ ಗಾಲಿ ಒಂದು ಸುತ್ತಲು ಮುಂದಿನದು ೩ ಸುತ್ತಬೇಕು. ಹಿಂದೆ ೩೯ ಹಲ್ಲು ಹಾಕಿದರೆ ೨.೮ ಸುತ್ತು ಸಾಕು. ತಿರುವು ಹೆಚ್ಚಿರುವ ಪಥಕ್ಕೆ ಮೊದಲನೆಯದು, ಉದ್ದ ಹಾದಿಗೆ ಎರಡನೆಯದು ಹೊಂದುತ್ತದೆ.

೬. ನಿಲ್ಲುವ ವಿದ್ಯೆ

ಓಡಿಸುವ ಖರ್ಚಿಗಿಂತ ಮೊದಲು ನಿಲ್ಲಿಸುವ ಖರ್ಚನ್ನು ಎತ್ತಿಡಬೇಕು. ಒಳ್ಳೆಯ ಒಣ ಹಾದಿಯ ಮೇಲೆ ಗಂಟೆಗೆ ೫೦ ಕಿಲೋಮೀಟರು ವೇಗದ ಬಂಡಿ ಬ್ರೇಕು ಹಿಡಿದ ಮೇಲೆ ಸುಮಾರು ೧೪ ಮೀಟರಿನಲ್ಲಿ ನಿಲ್ಲಬಹುದು. ವೇಗ ೧೦೦ ಆದರೆ ದೂರ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ: ೫೬ ಮೀಟರು. ಬ್ರೇಕು ಹಿಡಿಯಬೇಕೆಂದು ಮನಸ್ಸಿಗೆ ಹೊಳೆಯುವ ಒಂದು ಸೆಕೆಂಡಿನಲ್ಲಿ ಇನ್ನೂ ೨೮ ಮೀಟರು ಹೋಗಿರುತ್ತದೆ. ಈ ಯಂತ್ರಕ್ಕೆ ಇರುವುದು ಡ್ರಮ್ ಬ್ರೇಕು. ಲೈನರು, ಕೇಬಲ್ಲು ಹೊಸದಾಗಿರಲಿ. ಡ್ರಮ್ಮು ಸೊಟ್ಟಗಿದ್ದರೆ ಲೇತಿಗೆ ಹಾಕಿಸಿ ಸಮ ಮಾಡಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೨೪ ಎಂದಿದ್ದರೆ ಅದು ೨೦೨೪ನೆಯ ವರ್ಷದ ೨೩ನೆಯ ವಾರದಲ್ಲಿ ತಯಾರಾದದ್ದು. ಗೆರೆ ಸವೆಯದಿದ್ದರೂ ಹಳೆಯ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು.

೭. ಎಲ್ಲಿ ಓಡಿಸಬೇಕು?

ಈ ಯಂತ್ರ ಸಿದ್ಧವಾದ ದಿನವೇ ಅದಕ್ಕೆ ಸಾರ್ವಜನಿಕ ರಸ್ತೆಯ ಋಣ ತೀರಿತು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ ತಯಾರಕರು ಕೊಟ್ಟ ರೂಪಕ್ಕೂ ನೋಂದಣಿ ಪುಸ್ತಕಕ್ಕೂ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸಲಾಗದು. ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ೧೮೯ನೆಯ ಕಲಮಿನಂತೆ ಸರಕಾರದ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಓಡಿಸಿದರೆ, ೨೦೧೯ರ ತಿದ್ದುಪಡಿಯ ಮೇರೆಗೆ, ಮೂರು ತಿಂಗಳವರೆಗೆ ಸೆರೆ ಅಥವಾ ೫೦೦೦ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಮತ್ತೆ ಅದೇ ತಪ್ಪು ಮಾಡಿದರೆ ಸೆರೆ ಒಂದು ವರ್ಷದವರೆಗೆ ಹೋಗುತ್ತದೆ. ಅಪಘಾತವಾದಾಗ ವಿಮೆಯವರು ಮಾರ್ಪಾಟನ್ನು ತೋರಿಸಿ ತಕರಾರು ಎತ್ತುವುದು ಬೇರೆ. ಪರಊರಿನಲ್ಲಿ ದುಡಿಯುವವನಿಗೆ ಕೋರ್ಟಿನ ಒಂದು ತಾರೀಖು ಎಂದರೆ ಒಂದು ದಿನದ ಕೂಲಿ. ಆಸ್ಪತ್ರೆಯ ಒಂದು ತಿಂಗಳು ಎಂದರೆ ಊರಿನ ಮನೆಯ ಒಲೆ.

ಪಂದ್ಯಕ್ಕೆಂದೇ ಜಾಗಗಳಿವೆ. ಮದ್ರಾಸಿನ ಬಳಿಯ ಶೋಳಾವರಂ ಎಂಬ ಹಳೆಯ ವಿಮಾನ ಪಟ್ಟಿಯ ಮೇಲೆ ದಶಕಗಳ ಕಾಲ ಓಟಗಳು ನಡೆದವು. ೧೯೯೦ರಲ್ಲಿ ಶ್ರೀಪೆರುಂಬುದೂರಿನ ಕಡೆ ಇರುಂಗಾಟ್ಟುಕೋಟೈಯಲ್ಲಿ ೩.೭ ಕಿಲೋಮೀಟರಿನ ಪಥವೇ ಸಿದ್ಧವಾಯಿತು. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ನಮ್ಮ ಪುಣೆ ಜಿಲ್ಲೆಯಲ್ಲೇ ಲೋಣಾವಳದ ಆಚೆ ಆಂಬಿ ವ್ಯಾಲಿಯ ವಿಮಾನ ಪಟ್ಟಿಯ ಮೇಲೆ ಕಾಲು ಮೈಲಿಯ ನೇರ ಓಟದ ಪಂದ್ಯಗಳು ನಡೆದಿವೆ. ಅಧಿಕೃತ ಪಂದ್ಯಕ್ಕೆ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಪರವಾನಗಿ ಬೇಕು. ಪಂದ್ಯದ ನಿಯಮಗಳನ್ನು ಯಂತ್ರಕ್ಕೆ ಕೈಹಾಕುವ ಮೊದಲೇ ತರಿಸಿ ಓದಬೇಕು. ಯಾವ ವರ್ಗಕ್ಕೆ ಎಷ್ಟು ಸಿ.ಸಿ., ಯಾವ ಮಾರ್ಪಾಟು ಸಲ್ಲುತ್ತದೆ, ಯಾವ ಬೋಲ್ಟುಗಳಿಗೆ ತಂತಿ ಬಿಗಿದಿರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಓದದೆ ಕೊರೆದ ಸಿಲಿಂಡರನ್ನು ಮತ್ತೆ ತುಂಬಲು ಬರುವುದಿಲ್ಲ.

ಖರ್ಚಿನ ಪಟ್ಟಿಯಲ್ಲಿ ಹೆಲ್ಮೆಟ್ಟು, ಚರ್ಮದ ಉಡುಪು, ಕೈಗವಸು, ಬೂಟು ಮೊದಲು ಬರಬೇಕು. ಅಲ್ಯುಮಿನಿಯಂ ರಿಮ್ಮು ಆಮೇಲೆ. ದಿನವೂ ಕೆಲಸಕ್ಕೆ ಹೋಗುವ ಬಂಡಿಯನ್ನು ಎಂದೂ ಈ ಪ್ರಯೋಗಕ್ಕೆ ಒಡ್ಡಬೇಡಿ. ಮೂರು ನಾಲ್ಕು ಜನ ಕೂಡಿ ಒಂದು ಮುರುಕು ಯಂತ್ರ ಕೊಂಡು, ಭಾನುವಾರಗಳಲ್ಲಿ ಬಿಚ್ಚಿ ಕೂಡಿಸಿದರೆ ಖರ್ಚು ಹಂಚಿಹೋಗುತ್ತದೆ. ಪಂದ್ಯಕ್ಕೆ ಹೋಗದಿದ್ದರೂ ಕೈಗೆ ಹತ್ತಿದ ಕಸುಬು ಉಳಿಯುತ್ತದೆ. ಪಿಸ್ಟನ್ನು, ಜೆಟ್ಟು, ಬ್ರೇಕುಗಳ ಮರ್ಮ ತಿಳಿದವನಿಗೆ ಪುಣೆಯಂಥ ಊರಿನಲ್ಲಿ ಅನ್ನಕ್ಕೆ ಕೊರತೆಯಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

(೧) ಯಂತ್ರ ೧೦೦ ಕಿಲೋ, ಸವಾರ ೬೦ ಕಿಲೋ, ಬಲ ೧೧ ಅಶ್ವಶಕ್ತಿ. ೧೨ ಕಿಲೋ ಇಳಿಸಿದರೆ ಎಷ್ಟು ಬಲ ಹೆಚ್ಚಿಸಿದಂತಾಯಿತು?
(೨) ೩೦ಕ್ಕೆ ೧ರಂತೆ ನಾಲ್ಕೂವರೆ ಲೀಟರು ಪೆಟ್ರೋಲಿಗೆ ಎಣ್ಣೆ ಎಷ್ಟು?
(೩) ನಿಮಿಷಕ್ಕೆ ೧೦,೦೦೦ ಸುತ್ತಿನಲ್ಲಿ ದುಡಿಯುವ ಕೊಳವೆಯ ಉದ್ದವೆಷ್ಟು?
(೪) ಪಥದ ಮೇಲೆ ಕೆಲಸವಿಲ್ಲದ, ಆದರೆ ರಸ್ತೆಯ ಮೇಲೆ ಪ್ರಾಣ ಕಾಯುವ ಮೂರು ಭಾಗಗಳನ್ನು ಹೆಸರಿಸಿ.

ಉತ್ತರಗಳು: (೧) ಸುಮಾರು ೦.೯ ಅಶ್ವಶಕ್ತಿ. (೨) ೧೫೦ ಮಿಲಿಲೀಟರು. (೩) ೭೫ ಸೆಂಟಿಮೀಟರು. (೪) ದೀಪ, ಕನ್ನಡಿ, ಹಾರನ್ನು. ಇವು ನಿಮ್ಮ ದಿನಬಳಕೆಯ ಬಂಡಿಯಲ್ಲಿ ಸರಿಯಾಗಿವೆಯೇ ಎಂದು ಇಂದು ಮನೆಗೆ ಹೊರಡುವಾಗ ಒಮ್ಮೆ ನೋಡಿಕೊಳ್ಳಿ.